ಕೀವರ್ಡ್ ಪ್ಲಾನರ್‌ನಲ್ಲಿ ‘ಕಡಿಮೆ ಸ್ಪರ್ಧೆ’ ಎಂದಿರುವ ಪದಗಳನ್ನೇ ಆರಿಸಿಕೊಳ್ಳಬೇಕೇ?

ಕೀವರ್ಡ್ ಪ್ಲಾನರ್ (ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆಂದು ತೋರಿಸುವ ಗೂಗಲ್ ಉಪಕರಣ) ನೋಡಿ, ನನ್ನ ಜಾಲತಾಣದ ಪುಟಗಳಿಗಾಗಿ ಹುಡುಕಾಟ ಹೆಚ್ಚಿದ್ದು ಸ್ಪರ್ಧೆ ‘ಕಡಿಮೆ’ ಎಂದಿರುವ ಪದಗಳ ಪಟ್ಟಿ ಮಾಡಿದ್ದೇನೆ, ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಆ ಪಟ್ಟಿಯನ್ನೇ ಬದಿಗಿಡಿ ಎನ್ನುತ್ತೇನೆ. ಅಂಥದ್ದೇ ಪಟ್ಟಿಯನ್ನು ನಂಬಿ ನಾನು ನಮ್ಮ ಮಾವನವರ ಇಳಕಲ್ ಸೀರೆ ಅಂಗಡಿಯ ಜಾಲತಾಣಕ್ಕೆ ಪುಟಗಳನ್ನು ಬರೆದಿದ್ದೆ.

ಗೂಗಲ್‌ನ ಕೀವರ್ಡ್ ಪ್ಲಾನರ್ ‘ಕಸೂತಿ ಡಿಸೈನ್’ ಎಂಬುದರ ಎದುರು ಸ್ಪರ್ಧೆ ಕಡಿಮೆ ಎಂದು ತೋರಿಸಿದಾಗ, ಗೂಗಲ್ ಹುಡುಕಾಟದ ಮೊದಲ ಪುಟಕ್ಕೆ ಬರುವುದು ಸುಲಭವೆಂದು ನಾನು ಅರ್ಥಮಾಡಿಕೊಂಡೆ. ಆದರೆ ಆ ಉಪಕರಣ ಇರುವುದು ಜಾಹೀರಾತುದಾರರಿಗಾಗಿ. ಆ ಪದಕ್ಕೆ ಎಷ್ಟು ಜನ ಹಣ ಕೊಟ್ಟು ಜಾಹೀರಾತು ಹಾಕುತ್ತಿದ್ದಾರೆ ಎಂಬುದನ್ನಷ್ಟೇ ಆ ಕಾಲಂ ಹೇಳುತ್ತದೆ. ಹಣ ಕೊಡದೆ ಸಿಗುವ ಫಲಿತಾಂಶಗಳಲ್ಲಿ ಮೇಲೇರುವುದು ಎಷ್ಟು ಕಷ್ಟ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಜಾಹೀರಾತುದಾರರು ಒಂದು ಪದವನ್ನು ಮುಟ್ಟುತ್ತಿಲ್ಲವೆಂದರೆ, ಅದನ್ನು ಹುಡುಕುವವರು ಏನನ್ನೂ ಕೊಳ್ಳುವುದಿಲ್ಲವೆಂದು ಅವರಿಗೆ ಗೊತ್ತಾಗಿರುವ ಸಾಧ್ಯತೆಯೇ ಹೆಚ್ಚು. ನನಗಾದದ್ದೂ ಅದೇ: ಗೋಪುರ, ತೇರುಗಳ ನಮೂನೆ ನೋಡಿ ತಾವೇ ಹೊಲಿಯಬೇಕೆಂದಿದ್ದವರು ಬಂದು ಚಿತ್ರ ಉಳಿಸಿಕೊಂಡು ಹೋದರು, ಸೀರೆಯ ಬೆಲೆ ಕೇಳಿದವರು ಯಾರೂ ಇಲ್ಲ. ಆ ವರ್ಷದ ಮದುವೆ ಹಂಗಾಮು ಹಾಗೆಯೇ ಕಳೆದುಹೋಯಿತು.

ಹುಡುಕಾಟದ ಸಂಖ್ಯೆಯನ್ನೂ ಅಷ್ಟಾಗಿ ನೆಚ್ಚಬೇಡಿ. ಜಾಹೀರಾತಿಗೆ ಖರ್ಚು ಮಾಡದ ಖಾತೆಗಳಿಗೆ ಪ್ಲಾನರ್ ಸಾಮಾನ್ಯವಾಗಿ ‘1 ಸಾವಿರದಿಂದ 10 ಸಾವಿರ’ ಎಂಬಂಥ ಅಂದಾಜನ್ನಷ್ಟೇ ಕೊಡುತ್ತದೆ. 1,100 ಇದ್ದರೂ 9,000 ಇದ್ದರೂ ಕಾಣುವುದು ಅಷ್ಟೇ.

ಈಗ ನಾನು ಯಾವುದೇ ಪದವನ್ನು ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ (ನಮ್ಮ ಹಳೆಯ ಹುಡುಕಾಟಗಳ ನೆನಪಿಲ್ಲದ ಬ್ರೌಸರ್ ಕಿಟಕಿ) ಹುಡುಕಿ ನೋಡುತ್ತೇನೆ, ಅದೂ ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಮ್ಮೆ, ಏಕೆಂದರೆ ನಮ್ಮವರಲ್ಲಿ ಅನೇಕರು ಟೈಪ್ ಮಾಡುವುದು ಎರಡನೆಯ ರೀತಿಯಲ್ಲಿ. ಮೊದಲ ಪುಟದಲ್ಲಿ ವಿಡಿಯೊಗಳೇ ತುಂಬಿದ್ದರೆ ಬರಹದ ಪುಟ ಅಲ್ಲಿಗೆ ಸಲ್ಲುವುದಿಲ್ಲ. ದೊಡ್ಡ ಮಾರಾಟ ತಾಣಗಳೇ ಇದ್ದರೆ ಚಿಕ್ಕ ಅಂಗಡಿಗೆ ಜಾಗವಿಲ್ಲ. ‘ಇಳಕಲ್ ಸೀರೆ’ ಎಂಬ ಬರಿಯ ಪದವನ್ನು ನಾನು ಕೈಬಿಟ್ಟದ್ದು ಇದೇ ಕಾರಣಕ್ಕೆ. ‘ಟೋಪ್ ತೆನಿ ಸೆರಗಿನ ಒಂಬತ್ತು ಗಜದ ಸೀರೆ’ ಎಂಬುದಕ್ಕೆ (ಟೋಪ್ ತೆನಿ ಎಂದರೆ ಇಳಕಲ್ ಸೀರೆಯ ಸೆರಗಿನ ಸಾಂಪ್ರದಾಯಿಕ ವಿನ್ಯಾಸ) ಪ್ಲಾನರ್ ಏನನ್ನೂ ತೋರಿಸಲಿಲ್ಲ, ಆದರೂ ಅದನ್ನು ಹುಡುಕಿ ಬಂದವರು ಫೋನ್ ಮಾಡುತ್ತಾರೆ.

ನಿಮ್ಮ ತಾಣ ಹಳೆಯದಾಗಿದ್ದರೆ, ಅದು ಯಾವ ಹುಡುಕಾಟಗಳಲ್ಲಿ ಕಾಣಿಸಿತೆಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳವರೆಗಿನ ಮಾಹಿತಿ ಸಿಗುತ್ತದೆ. ಫಲಿತಾಂಶಗಳಲ್ಲಿ ನಿಮ್ಮ ಸರಾಸರಿ ಸ್ಥಾನ 8ರಿಂದ 20ರ ನಡುವೆ, ಅಂದರೆ ಮೊದಲ ಪುಟದ ಅಂಚಿನಲ್ಲಿ, ಇರುವ ಹುಡುಕಾಟದ ಪದಗಳ ಪುಟಗಳನ್ನು ಮೊದಲು ತಿದ್ದಿ. ಹೊಸ ತಾಣವಾದರೆ ಅಲ್ಲಿ ಇನ್ನೂ ಏನೂ ಇರುವುದಿಲ್ಲ, ಆಗ ಗಿರಾಕಿಗಳು ಫೋನಿನಲ್ಲಿ ಕೇಳುವುದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡು ಒಂದೊಂದಕ್ಕೂ ಒಂದು ಪುಟ ಮಾಡಿ.