ಬಾವಿನೀರಿನ ಮೇಲೆ ಬಣ್ಣದ ಪೊರೆ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಬಾವಿ ಪೆಟ್ರೋಲ್ ಬಂಕಿನ ಕೆಳಗಿನ ಇಳಿಜಾರಿನಲ್ಲಿದೆ. ಕೊಡದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತದೆ. ಕುದಿಸಿ ಕುಡಿಯಬಹುದೇ?

ಉತ್ತರ: ಖಂಡಿತ ಬೇಡ. ಮೊದಲು ಪೊರೆಯನ್ನು ಕಡ್ಡಿಯಿಂದ ಕದಡಿ ನೋಡಿ: ಚೂರುಚೂರಾಗಿ ಒಡೆದರೆ ಅದು ನಮ್ಮ ಜಂಬಿಟ್ಟಿಗೆ ನೆಲದ ಕಬ್ಬಿಣಾಂಶವನ್ನು ಬಳಸಿ ಬೆಳೆಯುವ ಬ್ಯಾಕ್ಟೀರಿಯಾದ ಪೊರೆ ಇರಬಹುದು, ಮತ್ತೆ ಕೂಡಿಕೊಂಡರೆ ಎಣ್ಣೆಯೆಂದೇ ಶಂಕಿಸಬೇಕು. ಕುದಿಸಿದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಷ್ಟು ಮೂಗಿಗೆ ತಿಳಿಯದು, ಪ್ರಯೋಗಾಲಯವೇ ಹೇಳಬೇಕು. ನೀರಿಗಿಂತ ಹಗುರವಾದ ಪೆಟ್ರೋಲ್ ಅಂತರ್ಜಲದ ಮೇಲೆ ತೇಲುತ್ತ, ಮಳೆಗಾಲ ಬೇಸಿಗೆಗಳಲ್ಲಿ ಮಟ್ಟ ಏರಿಳಿದಂತೆ ಮಣ್ಣಿಗೆ ಮೆತ್ತಿಕೊಳ್ಳುವುದರಿಂದ, ವೀಕ್ಷಣಾ ಬಾವಿಗಳನ್ನು (ಅಂತರ್ಜಲವನ್ನು ಪರೀಕ್ಷಿಸಲೆಂದೇ ಕೊರೆಯುವ ಕಿರಿದಾದ ಬಾವಿಗಳು) ಕೊರೆದು ಎರಡೂ ಕಾಲದಲ್ಲಿ ಪರೀಕ್ಷಿಸಬೇಕು. ಬಂಕಿನ ಸೋರುವ ಟ್ಯಾಂಕಿನ ಬಳಕೆ ನಿಲ್ಲಿಸಿ, ತೇಲುವ ಎಣ್ಣೆಯನ್ನು ತೆಗೆದು, ಮಣ್ಣಿನ ಆವಿಯನ್ನು ಹೀರಿ ತೆಗೆಯುವ ಕೆಲಸಕ್ಕೆ ವರ್ಷಗಳೇ ಹಿಡಿಯಬಹುದು. ಪ್ರಯೋಗಾಲಯಕ್ಕೆ ಕೊಡುವ ನೀರಿನ ಮಾದರಿಯನ್ನು ಗಾಜಿನ ಶೀಶೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ.