ಶಿಲುಬೆಯ ಇನ್ನೊಂದು ತುದಿ

ನೌಕರಿ ಬಿಟ್ಟು ಪೂರ್ಣಾವಧಿ ಕ್ರೈಸ್ತ ಸೇವೆಗೆ ಇಳಿಯುತ್ತೇನೆಂದು ನಿರ್ಧರಿಸಿದ ಗೃಹಸ್ಥರು, ಅವರ ಹಿಂದೆ ಮುಖ ಬಾಡಿಸಿಕೊಂಡು ನಿಂತ ಹೆಂಡತಿ. ಇಂಥ ಜೋಡಿ ಧಾರವಾಡದ ನನ್ನ ಆಪ್ತಸಲಹೆಯ ಕೊಠಡಿಗೆ ವರ್ಷಕ್ಕೆ ಎರಡು ಮೂರಾದರೂ ಬರುತ್ತದೆ. ಬಹುತೇಕ ಪ್ರಕರಣಗಳನ್ನು ಕಡತದಲ್ಲಿ ಬರೆದಿಟ್ಟು ಮರೆತಿದ್ದೇನೆ. ಇದೊಂದು ಮರೆಯಲಿಲ್ಲ, ಏಕೆಂದರೆ ಇಲ್ಲಿ ಆಪ್ತಸಲಹೆ ಹೇಳಿದವರು ನಾನಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿ, ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಆತನಿಗೆ ಮೂವತ್ತೆಂಟು ವರ್ಷ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಪತ್ನಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. ಇಬ್ಬರು ಮಕ್ಕಳು. ಮನೆತನ ಮಿಷನ್ ಕಂಪೌಂಡಿನ ಹಳೆಯದು. ಭಾನುವಾರದ ಆರಾಧನೆ ತಪ್ಪಿಸದ, ಅದಕ್ಕಿಂತ ಹೆಚ್ಚಿನದನ್ನು ಯೋಚಿಸದ ಮನೆತನ ಎಂದು ಆತನೇ ಹೇಳಿದ. ಮೂರು ದಿನದ ಒಂದು ಶಿಬಿರಕ್ಕೆ ಹೋಗಿಬಂದ ಮೇಲೆ, ತಾನು ಇಲ್ಲಿಯವರೆಗೆ ಹೆಸರಿಗಷ್ಟೇ ಕ್ರೈಸ್ತನಾಗಿದ್ದೆ, ಶಿಷ್ಯನಾಗಿರಲಿಲ್ಲ ಎಂಬ ಅರಿವು ಆತನನ್ನು ಹಿಡಿದುಕೊಂಡಿತ್ತು. ಆ ಅರಿವು ಸುಳ್ಳೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ತಪ್ಪಿದೆ. ಆತನ ಉತ್ಸಾಹವನ್ನು ಬೈಬಲಿನ ವಾಕ್ಯದಿಂದಲೇ ಹಿಡಿದು ನಿಲ್ಲಿಸಬಹುದೆಂದು ಭಾವಿಸಿ, ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂಬ ಲೂಕನ ಸುವಾರ್ತೆಯ 14ನೆಯ ಅಧ್ಯಾಯದ ಮಾತನ್ನು ಮುಂದಿಟ್ಟೆ. ದಿನವಿಡೀ ಲೆಕ್ಕ ಬರೆಯುವವನಿಗೆ ಇದು ನಾಟುತ್ತದೆಂಬ ಸಣ್ಣ ಹೆಮ್ಮೆಯೂ ನನಗಿತ್ತು. ಆತ ರೆಕ್ಸಿನ್ ಹೊದಿಕೆಯ ಬೈಬಲಿನ ಜಿಪ್ ಎಳೆದು, ಕೆಂಪು ಶಾಯಿಯಲ್ಲಿ ಗೆರೆ ಹೊಡೆದಿದ್ದ ಅದೇ ಪುಟವನ್ನು ತೆರೆದು, ತಂದೆ ತಾಯಿ ಹೆಂಡತಿ ಮಕ್ಕಳನ್ನು ಹಗೆಮಾಡದವನು ನನ್ನ ಶಿಷ್ಯನಾಗಲಾರನು ಎಂಬ 26ನೆಯ ವಚನವನ್ನೂ, ತನಗಿರುವುದನ್ನೆಲ್ಲ ಬಿಟ್ಟುಬಿಡದವನೂ ಆಗಲಾರನು ಎಂಬ 33ನೆಯ ವಚನವನ್ನೂ ತೋರಿಸಿದ. ನನ್ನ ಬಳಿ ಉತ್ತರವಿತ್ತು. ಹಿಂದೆ ಬರುತ್ತಿದ್ದ ದೊಡ್ಡ ಗುಂಪಿಗೆ, ಸುಮ್ಮನೆ ಬರಬೇಡಿ ಎಂದು ಎಚ್ಚರಿಸಿದ ಕಠಿಣ ಮಾತದು. ಹೆಂಡತಿಯನ್ನು ಕಡೆಗಣಿಸಲು ಕೊಟ್ಟ ಪರವಾನಗಿಯಲ್ಲ. ಆದರೆ ವಚನಕ್ಕೆ ವಚನ ಎಸೆಯುವ ಆಟದಲ್ಲಿ ಮನಸ್ಸು ಬದಲಿಸಿದವರನ್ನು ನಾನು ಕಂಡಿಲ್ಲ. ಮುಂದಿನ ಸಲ ಪತ್ನಿಯನ್ನೂ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿ ಕಳಿಸಿದೆ.

ಆಕೆ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಗಂಡ ಮಾತನಾಡುವಷ್ಟು ಹೊತ್ತೂ, ಅಂದರೆ ಸುಮಾರು ಅರ್ಧ ತಾಸು, ಸುಮ್ಮನೆ ಕುಳಿತಿದ್ದರು. ದಿನದಿನವೂ ಶಿಲುಬೆ ಹೊತ್ತು ಹಿಂಬಾಲಿಸಬೇಕು, ನಾಳೆಯ ಚಿಂತೆ ದೇವರದು ಎಂದು ಆತ ಹೇಳುತ್ತಿದ್ದಾಗ ಆಕೆ ಕೈಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ವಸಹಾಯ ಸಂಘದ ಪಾಸ್‌ಬುಕ್ ತೆಗೆದು ಮೇಜಿನ ಮೇಲೆ, ಆ ಬೈಬಲಿನ ಪಕ್ಕಕ್ಕೇ ಇಟ್ಟರು.

"ನೋಡ್ರಿ ಸರ್, ಇವರು ಶಿಲುಬೆ ಹೊರತೇನಿ ಅಂತಾರ. ಒಂದು ತುದಿ ನನ್ನ ಹೆಗಲ ಮ್ಯಾಲ ಐತಿ. ಹೊರತೀಯೇನು ಅಂತ ನನ್ನ ಯಾರೂ ಕೇಳಿಲ್ರಿ."

ಪಾಸ್‌ಬುಕ್ ಬಿಡಿಸಿ ನೋಡಿದೆ. ಆಕೆಯ ಹೆಸರಿನಲ್ಲಿ ತೆಗೆದ 50,000 ರೂಪಾಯಿ ಸಾಲ. ಅದರ ಬಹುಭಾಗ ಪ್ರಾರ್ಥನಾ ಗುಂಪಿನ ಧ್ವನಿವರ್ಧಕಕ್ಕೂ ಶಿಬಿರಗಳ ಓಡಾಟಕ್ಕೂ ಹೋಗಿತ್ತು. ವಾರಕ್ಕೆ 620 ರೂಪಾಯಿ ಕಂತು, ಪ್ರತಿ ಮಂಗಳವಾರ. ಕಟ್ಟಿದ ಸಾಲುಗಳ ಎದುರು ಉದ್ದಕ್ಕೂ ಆಕೆಯದೇ ಸಹಿ. ಇನ್ನೂ 52 ಕಂತುಗಳು ಬಾಕಿ ಇದ್ದವು. ಅಂಗಡಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗದ ಮನುಷ್ಯನಿಗೆ ಈ ಅಂಕಿ ಗೊತ್ತಿರಲಿಲ್ಲ. ಆತ ಪುಸ್ತಕವನ್ನು ಎಳೆದುಕೊಂಡು ಬೆರಳಿಟ್ಟು ಎಣಿಸತೊಡಗಿದ. ನಾನು ಎಣಿಸಲು ಬಿಟ್ಟೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದವನು ಕುರೇನ್ಯದ ಸೀಮೋನ. ಹಳ್ಳಿಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಯೇಸುವಿನ ಶಿಲುಬೆ ಹೊರಿಸಿದರು; ಅವನನ್ನೂ ಯಾರೂ ಕೇಳಿರಲಿಲ್ಲ. ಆದರೆ ಅವನಿಗೆ ಬಲವಂತ ಮಾಡಿದವರು ರೋಮಿನ ಸೈನಿಕರು, ಯೇಸುವಲ್ಲ.

ಎಣಿಸಿ ಮುಗಿಸಿದ ಮೇಲೆ ನಾನು ಕೊಟ್ಟ ಸಲಹೆ ಇಷ್ಟು. ಈ ಸಾಲ ತೀರುವವರೆಗೆ ರಾಜೀನಾಮೆಯ ಮಾತು ಬೇಡ. ಮಂಗಳವಾರದ ಕಂತನ್ನು ನೀವೇ ನಿಮ್ಮ ಸಂಬಳದಿಂದ ಕೊಟ್ಟು, ಸಂಘಕ್ಕೆ ನೀವೇ ಹೋಗಿ ಕಟ್ಟಿ ಬನ್ನಿ. ಹೆಂಡತಿಯ ಕೈಗೆ ದುಡ್ಡು ಕೊಟ್ಟು ಕಳಿಸುವುದಲ್ಲ. ಗುಂಪಿನ ಕೆಲಸಕ್ಕೆ ವಾರದಲ್ಲಿ ಒಂದು ಸಂಜೆ ಮತ್ತು ಭಾನುವಾರ ಸಾಕು. ಸಾಲ ತೀರಿದ ಮೇಲೂ ಸೇವೆಗೆ ಬಾ ಎಂಬ ದೇವರ ಕರೆ ಹಾಗೆಯೇ ಇದ್ದರೆ, ಅದನ್ನು ಪತ್ನಿಗೆ ನಿರ್ಧಾರವೆಂದು ತಿಳಿಸಬೇಡಿ, ಒಪ್ಪಿಗೆ ಕೇಳಿರಿ. ಆಕೆ ಬೇಡವೆಂದರೆ ಆ ಉತ್ತರದೊಂದಿಗೆ ಬದುಕಲು ಸಿದ್ಧರಾಗಿ ಕೇಳಿರಿ.

ಈ ಸಲಹೆಗಾಗಿ ನಾನು ಬೈಸಿಕೊಂಡಿದ್ದೇನೆ. ಆ ಗುಂಪಿನ ಹಿರಿಯರೊಬ್ಬರು ಫೋನ್ ಮಾಡಿ, ಹತ್ತಿದ ಬೆಂಕಿಗೆ ನೀರು ಹಾಕುತ್ತಿದ್ದೀರಿ, ಯೇಸು ಕರೆದಾಗ ಬಲೆ ಬಿಟ್ಟು ತಕ್ಷಣ ಹೊರಟ ಬೆಸ್ತರನ್ನು ನೀವಾಗಿದ್ದರೆ ಹಿಡಿದು ಕೂರಿಸುತ್ತಿದ್ದಿರಿ ಎಂದರು. ಬೆಸ್ತರ ಕಥೆಯನ್ನು ನಾನೂ ಓದಿದ್ದೇನೆ. ಯಾಕೋಬ ಮತ್ತು ಯೋಹಾನರು ಅಪ್ಪನನ್ನು ದೋಣಿಯಲ್ಲಿ ಬಿಟ್ಟುಹೋದಾಗ ಅವನ ಜೊತೆ ಕೂಲಿಯಾಳುಗಳಿದ್ದರು ಎಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಮುದುಕ ಒಂಟಿಯಾಗಿ ಬಲೆ ಎಳೆಯಬೇಕಾಗಲಿಲ್ಲ. ಅದೇ ಬೆಸ್ತರಲ್ಲಿ ಇನ್ನೊಬ್ಬನಾದ ಪೇತ್ರನು ಹಿಂಬಾಲಿಸಲು ಹೊರಟ ಮೇಲೆ ಯೇಸು ಅವನ ಮನೆಗೇ ಹೋಗಿ, ಜ್ವರದಿಂದ ಮಲಗಿದ್ದ ಅತ್ತೆಯನ್ನು ಎಬ್ಬಿಸಿದನು. ಅಪೊಸ್ತಲ ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರದ ಕಸುಬು ಮಾಡಿಕೊಂಡೇ ಬೋಧಿಸಿದನು. ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸುವುದು ಮಾರ್ಕನ 5ನೆಯ ಅಧ್ಯಾಯ: ಸಮಾಧಿಗಳ ನಡುವೆ ಇದ್ದು, ದೆವ್ವಗಳಿಂದ ಬಿಡುಗಡೆಯಾದ ಮನುಷ್ಯ, ನಿನ್ನ ಸಂಗಡಲೇ ಬರುತ್ತೇನೆಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎಂದನು. ಎಷ್ಟೋ ಶಿಬಿರಗಳಲ್ಲಿ ಬಲೆ ಬಿಟ್ಟವರ ಕಥೆ ಕೇಳಿದ್ದೇನೆ. ಹಿಂಬಾಲಿಸುತ್ತೇನೆಂದವನನ್ನು ಮನೆಗೆ ಕಳಿಸಿದ ಕಥೆಯನ್ನು ಕೇಳಿದ್ದು ಬಹಳ ಕಡಿಮೆ.

ನಮ್ಮ ಸೀಮೆಯ ಹಳೆಯ ಸಭೆಗಳಿಗೆ ಇದು ಹೊಸ ಮಾತೂ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಕ್ರೈಸ್ತರಾದ ಕಾರಣಕ್ಕೆ ಜನ ಕುಲಕಸುಬು ಕಳೆದುಕೊಂಡಾಗ ಮಿಷನ್ನು ಪ್ರಾರ್ಥನೆ ಮಾಡಿ ಸುಮ್ಮನಾಗಲಿಲ್ಲ. ನೇಯ್ಗೆ ಹಚ್ಚಿತು, ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆ ಉದ್ಯಮಗಳ ಬಗ್ಗೆ ಟೀಕೆಗಳೂ ಇವೆ, ಅದು ಬೇರೆ ಚರ್ಚೆ. ಆದರೆ ದುಡಿಮೆಯನ್ನು ವಿಶ್ವಾಸದ ಹೊರಗಿನದೆಂದು ಅವರು ನೋಡಲಿಲ್ಲ. ಕ್ರೈಸ್ತ ಎಂಬ ಹೆಸರು ಹೊಸ ಒಡಂಬಡಿಕೆಯಲ್ಲಿ ಬರುವುದು ಮೂರೇ ಸಲ. ಶಿಷ್ಯ ಎಂಬ ಮಾತು ಸುವಾರ್ತೆಗಳಲ್ಲೂ ಅಪೊಸ್ತಲರ ಕೃತ್ಯಗಳಲ್ಲೂ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ, ಮತ್ತು ಆ ಮಾತಿನ ಮೂಲಾರ್ಥ ಕಲಿಯುವವನು ಎಂದು. ಈತ ಕಲಿಯಬೇಕಾಗಿದ್ದ ಮೊದಲ ಪಾಠ ಸಂಘದ ಪಾಸ್‌ಬುಕ್ಕಿನಲ್ಲಿತ್ತು ಎಂದು ನಾನು ಆ ಹಿರಿಯರಿಗೆ ಹೇಳಿದೆ. ಅವರು ಫೋನ್ ಇಟ್ಟರು.

ದೇವರ ಕರೆ ನಿಜವಾಗಿದ್ದು, ನಾನು ಅದನ್ನು ಒಂದು ವರ್ಷ ತಡೆದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಜೂನ್‌ನಲ್ಲಿ ಬಂದಿದ್ದವರು ಮಾರ್ಚ್ ಕೊನೆಯಲ್ಲಿ ಮತ್ತೆ ಬಂದರು. ಈ ಸಲ ಪಾಸ್‌ಬುಕ್ ಆತನ ಅಂಗಿಯ ಕಿಸೆಯಲ್ಲಿತ್ತು. ಕೊನೆಯ ಪುಟಗಳಲ್ಲಿ ಲೆಕ್ಕದವರ ದುಂಡಾದ ಅಕ್ಷರದಲ್ಲಿ ಆತನ ಸಹಿ. ಸೇವೆಯ ವಿಚಾರ ಏನಾಯಿತು ಎಂದು ನಾನು ಕೇಳಿದ್ದು ಆತನನ್ನು. ಉತ್ತರ ಕೊಟ್ಟವರು ಆಕೆ.

"ಇನ್ನ ಹನ್ನೊಂದು ಕಂತು ಅದಾವ್ರಿ. ಆಮ್ಯಾಲ ನನ್ನ ಕೇಳತಾರಂತ."