ವ್ಯಾಟ್ ಕಡಿಮೆ ಇದ್ದರೂ ಕಣ್ಣು ಕುಕ್ಕುವುದು ಯಾಕೆ?

ಗಾಡಿಯ ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬ್ ತೆಗೆದು ಕಡಿಮೆ ವ್ಯಾಟ್‌ನ ಎಲ್‌ಇಡಿ ಬಲ್ಬ್ ಹಾಕಿಸಿದ್ದೀರಿ. ಡಿಮ್‌ನಲ್ಲೇ ಹೋದರೂ ಎದುರಿನವರು ಲೈಟ್ ಹೊಡೆಯುತ್ತಾರೆ, ಯಾಕೆ ಅಂತ ಕೇಳಿದ್ದೀರಿ.

ವ್ಯಾಟ್ ಹೇಳುವುದು ಬಲ್ಬ್ ಎಷ್ಟು ವಿದ್ಯುತ್ ಬಳಸುತ್ತದೆ ಅಂತ ಮಾತ್ರ. ಬೆಳಕು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆ ವಿಷಯ, ತೊಂದರೆ ಇರುವುದು ಅಲ್ಲೇ. ಎಚ್4 ಹ್ಯಾಲೊಜೆನ್ ಬಲ್ಬನ್ನು, ಅಂದರೆ ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಬಲ್ಬನ್ನು, ಹತ್ತಿರದಿಂದ ನೋಡಿ. ಡಿಮ್ ಫಿಲಮೆಂಟಿನ (ಕಾದು ಬೆಳಗುವ ತಂತಿಯ) ಕೆಳಗೆ ಪುಟ್ಟ ಲೋಹದ ಬಟ್ಟಲು ಇರುತ್ತದೆ. ಕೆಳಕ್ಕೆ ಹೋಗುವ ಬೆಳಕು ರಿಫ್ಲೆಕ್ಟರಿಗೆ (ಬಲ್ಬಿನ ಸುತ್ತಲಿನ ಕನ್ನಡಿಯಂಥ ಭಾಗಕ್ಕೆ) ಬಡಿದು ಮೇಲೆ ಹಾರದಂತೆ ಅದು ತಡೆಯುತ್ತದೆ. ರಿಫ್ಲೆಕ್ಟರಿನ ಬಾಗು ಆ ಫಿಲಮೆಂಟಿನ ಜಾಗಕ್ಕೇ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಬೆಳಗುವ ಚಿಪ್ ಆ ಜಾಗದಿಂದ ಸ್ವಲ್ಪ ಆಚೀಚೆ ಆದರೂ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪಾಪ, ಅವರಿಗೆ ರಸ್ತೆಯೇ ಕಾಣುವುದಿಲ್ಲ, ಅಲ್ವಾ?

ಗೋಡೆಯಿಂದ 10 ಮೀಟರ್ ದೂರ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ನೋಡಿ. ಡಿಮ್ ಬೆಳಕಿನ ಮೇಲಂಚು ಸ್ಪಷ್ಟ ಗೆರೆಯಾಗಿ, ಲ್ಯಾಂಪಿನ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಇರಬೇಕು. ಗೆರೆ ಸರಿಯಿದ್ದು ಬರೀ ಮೇಲಿದ್ದರೆ ಹೆಡ್‌ಲೈಟ್ ಹೊಂದಿಸುವ ಸ್ಕ್ರೂ ತಿರುಗಿಸಿ ಇಳಿಸಬಹುದು. ಹಿಂದೆ ಲೋಡ್ ಜಾಸ್ತಿ ಆದರೂ ಬೆಳಕು ಮೇಲೇಳುತ್ತದೆ, ಅದಕ್ಕೇ ಹಲವು ಕಾರುಗಳಲ್ಲಿ ಬೆಳಕನ್ನು ಇಳಿಸಿ ಏರಿಸುವ ಲೆವೆಲಿಂಗ್ ಚಕ್ರ ಕೊಟ್ಟಿರುತ್ತಾರೆ. ಗೆರೆಯೇ ಕಾಣದೆ ಬೆಳಕು ಹರಡಿದ್ದರೆ ಸುಮ್ನೆ ಸ್ಕ್ರೂ ತಿರುಗಿಸಬೇಡಿ. ದಯವಿಟ್ಟು ಹಳೆಯ ಹ್ಯಾಲೊಜೆನನ್ನೇ ವಾಪಸ್ ಹಾಕಿಸಿ.